ಐಸಿನಂಗಳಕ್ಕೆ ಒಂದು ಹಸಿರು ಟವೆಲ್

ಬೀರುವಿನ ಕೆಳಗಿನ ಅರೆಯಲ್ಲಿ ಉಣ್ಣೆಯ ಕಾಲುಚೀಲ ಹುಡುಕುತ್ತಿದ್ದಾಗ ಆ ಹಸಿರು ಟವೆಲ್ ಕೈಗೆ ಬಂತು. ಕಾಲುಚೀಲ ಸಿಗಲಿಲ್ಲ. ನಾನು ಹುಡುಕಿದ ವಸ್ತು ನನಗೇ ಸಿಕ್ಕ ಉದಾಹರಣೆಗಳು ಕಡಿಮೆ, ಇದ್ದರೂ ನೆನಪಿಲ್ಲ.

ಕಾಲುಚೀಲ ನನಗಲ್ಲ, ಅಜ್ಜಂಪುರದ ಸರೋಜಕ್ಕನಿಗೆ. ಮುಂದಿನ ತಿಂಗಳು ನಮ್ಮ ಜೊತೆ ಅವಳೂ ಡೆಹರಾಡೂನಿಗೆ ಬರುತ್ತಾಳೆ. ಕಡೂರಿನಲ್ಲಿರುವ ನಮ್ಮ ತಮ್ಮ ಮಹೇಶನ ಮಗಳು ಚಂದನಾ ಅಲ್ಲಿ ಎರಡನೇ ಸಲ ಸ್ಪರ್ಧೆಗೆ ಇಳಿಯುತ್ತಾಳೆ. ಓಟದ ಸ್ಕೇಟಿಂಗ್ ಅಲ್ಲ. ಐಸ್ ಮೇಲೆ, ಸಂಗೀತಕ್ಕೆ ಸರಿಯಾಗಿ ಜಾರುತ್ತ, ತಿರುಗುತ್ತ, ಹಾರುತ್ತ ಮಾಡುವ ಫಿಗರ್ ಸ್ಕೇಟಿಂಗ್. ಕಳೆದ ಸಲ ನೋಡಲು ಹೋಗಿ ಬಂದವರು ನಾನು ಮತ್ತು ನನ್ನ ಹೆಂಡತಿ ಗಿರಿಜ. ಹಾಗಾಗಿ ಅಕ್ಕ ಫೋನ್ ಮಾಡಿದಳು.

"ಲೇ ಸೋಮ, ಅಲ್ಲಿಗೆ ಏನೇನ್ ತಗೊಂಡ್ ಬರ್ಬೇಕು, ಹೆಂಗೆ ಕೂತ್ಕೋಬೇಕು, ಏನ್ ಮಾಡ್ಬಾರ್ದು, ಎಲ್ಲಾನೂ ಒಂದ್ ಚೀಟೀಲಿ ಬರ್ದು ಕಳ್ಸು. ನಿನ್ ನೆನಪಿಂದ ಬರೀಬೇಡ ಕಣೋ, ಗಿರಿಜನ್ನ ಕೇಳ್ಕೊಂಡು ಬರಿ."

ಕೊನೆಯ ಮಾತು ಬೇಕಿರಲಿಲ್ಲ. ಮೈಸೂರಿನಲ್ಲಿ ತತ್ವಶಾಸ್ತ್ರ ಓದಿ, ಸರ್ವಿಸ್ ಪೂರ್ತಿ ತರೀಕೆರೆಯಲ್ಲಿ ತರ್ಕಶಾಸ್ತ್ರ ಪಾಠ ಮಾಡಿದವನು ನಾನು. ಸಾಕ್ಷಿ ಇಲ್ಲದೆ ಯಾವುದನ್ನೂ ಒಪ್ಪಬೇಡಿ ಎಂದು ತಲೆಮಾರುಗಟ್ಟಲೆ ವಿದ್ಯಾರ್ಥಿಗಳಿಗೆ ಹೇಳಿದೆ. ಅವರೆಲ್ಲ ನನ್ನ ಮಾತನ್ನು ಮರೆತು ಸುಖವಾಗಿದ್ದಾರೆ. ನಾನೊಬ್ಬ ಅದನ್ನು ಪಾಲಿಸಲು ಹೋಗಿ, ಮೊದಲು ಪಂಚಾಂಗವನ್ನು ಅನುಮಾನಿಸಿ, ಆಮೇಲೆ ಪತ್ರಿಕೆಯನ್ನು ಅನುಮಾನಿಸಿ, ಕೊನೆಗೆ ನನ್ನ ನೆನಪಿನ ಬುಡಕ್ಕೇ ಬಂದು ನಿಂತಿದ್ದೇನೆ. ಬೆಳಿಗ್ಗೆ ಮಾತ್ರೆ ನುಂಗಿದೆನೇ ಎಂಬ ಪ್ರಶ್ನೆಗೆ ನನ್ನ ಬಳಿ ಪರ ಮತ್ತು ವಿರೋಧ ವಾದಗಳಿವೆ, ಉತ್ತರವಿಲ್ಲ.

ಆದರೂ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಹರಿದು, ಅದರ ಬೆನ್ನ ಮೇಲೆ ಬರೆಯಲು ಕೂತೆ. ಮೊದಲನೆಯದು, ಬಟ್ಟೆ.

ನಾವು ಹೋದದ್ದು ನಡುಬೇಸಿಗೆಯಲ್ಲಿ. ಅರಸೀಕೆರೆಯಲ್ಲಿ ದೆಹಲಿ ರೈಲು ಹತ್ತುವ ಹೊತ್ತಿಗೆ ಗಿರಿಜಳ ಕಂಕುಳಲ್ಲಿ ಕರೀ ಕಂಬಳಿಯೊಂದು ಸುರುಳಿ ಸುತ್ತಿಕೊಂಡಿತ್ತು. ಅವಳ ತವರು ಪಂಚನಹಳ್ಳಿ; ಆ ಕಡೆಯವರು ಮಗಳನ್ನು ಕಳಿಸುವಾಗ ಕಂಬಳಿ ಕೊಟ್ಟೇ ಕಳಿಸುತ್ತಾರೆ. ಅದು ಮಳೆಗೆ ಛತ್ರಿ, ಚಳಿಗೆ ಹೊದಿಕೆ, ನೆಂಟರು ಬಂದರೆ ಹಾಸಿಗೆ. ಸುಡುವ ಬಿಸಿಲಲ್ಲಿ, ಬೋಗಿಯ ತುಂಬ ಜನ ಬೀಸಣಿಗೆ ಬೀಸಿಕೊಳ್ಳುವಾಗ, ಕಂಬಳಿ ಅಪ್ಪಿಕೊಂಡು ಕೂತ ಹೆಂಗಸಿನ ಗಂಡ ಎನ್ನಿಸಿಕೊಳ್ಳುವುದು ನನಗೆ ಕಷ್ಟವಾಯಿತು. ಆದ್ದರಿಂದ ಅವಳಿಗೆ ತರ್ಕಬದ್ಧವಾಗಿ ವಿವರಿಸಿದೆ. ಐಸ್ ಇರುವ ಜಾಗದಲ್ಲಿ ಚಳಿ ಇರುತ್ತದೆ. ಪ್ರೇಕ್ಷಕರು ಕೂರುವ ಜಾಗದಲ್ಲಿ ಐಸ್ ಇರುವುದಿಲ್ಲ. ಆದ್ದರಿಂದ ಪ್ರೇಕ್ಷಕರಿಗೆ ಚಳಿ ಇರುವುದಿಲ್ಲ.

ಗಿರಿಜ ಕಿಟಕಿಯಾಚೆ ನೋಡುತ್ತ ಹೇಳಿದಳು, "ಆಯ್ತು. ನೀವು ತರ್ಕ ಹೊದ್ಕೊಳ್ಳಿ, ನಾನು ಕಂಬಳಿ ಹೊದ್ಕೋತೀನಿ."

ಡೆಹರಾಡೂನಿನ ಆ ಕಟ್ಟಡದ ಬಾಗಿಲು ದಾಟಿದ ಕ್ಷಣ ಬೆವರಿದ ಬೆನ್ನು ಒಮ್ಮೆಲೇ ತಣ್ಣಗಾಯಿತು. ಹಣೆಯ ಬೆವರು ಒರೆಸುವಷ್ಟರಲ್ಲಿ ಹಲ್ಲು ಕಟಕಟ ಅನ್ನತೊಡಗಿತು. ನಾನು ಅರ್ಧ ತೋಳಿನ ಅಂಗಿಯಲ್ಲಿದ್ದೆ. ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಸಿಮೆಂಟಿನ ಆಸನದ ಮೇಲೆ ಕೂತಾಗ, ಚಳಿ ಎಂಬುದು ಕೆಳಗಿನಿಂದ ಮೇಲಕ್ಕೆ ಏರುವ ವಸ್ತು ಎಂದು ತಿಳಿಯಿತು. ಆದ್ದರಿಂದ ಅಕ್ಕ, ಊರಲ್ಲಿ ಎಷ್ಟೇ ಸೆಕೆ ಇರಲಿ, ಸ್ವೆಟರ್, ಟೊಪ್ಪಿಗೆ, ಎರಡು ಜೊತೆ ಕಾಲುಚೀಲ ತಗೋ. ಅಡಿಗೆ ಹಾಕಿಕೊಳ್ಳಲು ದಿಂಬೋ ಚೌಕ ಮಡಿಸಿದ ದುಪ್ಪಟಿಯೋ ಇರಲಿ. ಅಲ್ಲಿ ಮೈಗಿಂತ ಮೊದಲು ಸೋಲುವುದು ಕೂರುವ ಜಾಗ.

ಗಿರಿಜ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯಿಂದ ಹೊದ್ದು, ಅದರ ತುದಿಯನ್ನೇ ಅಡಿಗೆ ಎಳೆದುಕೊಂಡು, ಬಾಯಲ್ಲಿ ಅರ್ಧ ನಿಪ್ಪಟ್ಟು ಇಟ್ಟುಕೊಂಡಿದ್ದಳು. ನನ್ನ ಅರ್ಧ ತೋಳನ್ನು ಒಮ್ಮೆ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

ಎರಡನೆಯದು, ಒಂದು ದಿನ ಮೊದಲೇ ಹೋಗು. ಸ್ಪರ್ಧೆಯ ಹಿಂದಿನ ದಿನ ಮಕ್ಕಳಿಗೆ ಅಭ್ಯಾಸಕ್ಕೆ ಬಿಡುತ್ತಾರೆ. ಆಗ ಜನ ಇರುವುದಿಲ್ಲ, ಎಲ್ಲಿ ಬೇಕಾದರೂ ಕೂರಬಹುದು, ಐಸನ್ನು ಸ್ಕೇಟಿನ ಅಲಗು ಕೊರೆಯುವ ಸದ್ದು ಕೇಳುತ್ತದೆ. ಒಣಗಿದ ತೆಂಗಿನಗರಿಯನ್ನು ಅಂಗಳದಲ್ಲಿ ಎಳೆದಂಥ ಸದ್ದು. ಬಿದ್ದ ಮಕ್ಕಳು ಬೈದುಕೊಳ್ಳುವುದೂ ಕೇಳುತ್ತದೆ. ಸ್ಪರ್ಧೆಯ ದಿನ ಇದೆಲ್ಲ ಸಂಗೀತದಡಿ ಮುಚ್ಚಿಹೋಗುತ್ತದೆ.

ಚಂದನಾ ಐಸಿನವರೆಗೆ ಬಂದದ್ದು ಹೇಗೆ ಎಂದು ಅಕ್ಕನಿಗೆ ಹೇಳಬೇಕಾಗಿಲ್ಲ, ನಿಮಗೆ ಹೇಳಬೇಕು. ಮಹೇಶನದು ಕಡೂರಿನಲ್ಲಿ ಕೊಬ್ಬರಿ ಮಂಡಿ. ಹಿಂದೆ ಕೊಬ್ಬರಿ ಒಣಗಿಸುವ ಸಿಮೆಂಟಿನ ಕಣವಿದೆ, ಕನ್ನಡಿಯ ಹಾಗೆ ನುಣುಪು. ಬೆಳಿಗ್ಗೆ ಕೊಬ್ಬರಿ ಹರಡುವ ಮೊದಲು ಅದು ಹುಡುಗಿಯದು. ಚಕ್ರದ ಬೂಟು ಕಟ್ಟಿಕೊಂಡು ಸುತ್ತುತ್ತಿದ್ದಳು. ಒಂದು ಹೋಳು ಕೊಬ್ಬರಿ ಉಳಿದಿದ್ದರೂ ಮುಗ್ಗರಿಸುತ್ತಿದ್ದಳಾದ್ದರಿಂದ ಮಂಡಿಯ ಆಳುಗಳು ಕಣವನ್ನು ಮದುವೆಮನೆಯ ಹಾಗೆ ಗುಡಿಸುವುದು ಕಲಿತರು. ರಜೆಗೆ ಬೆಂಗಳೂರಿನ ಚಿಕ್ಕಮ್ಮನ ಮನೆಗೆ ಹೋದಾಗ ಮಾಲೊಂದರ ಐಸಿನಂಗಳ ಕಂಡಳು. ಅಲ್ಲಿಂದ ಮುಂದೆ ಅವಳ ರಜೆಗಳೆಲ್ಲ ಅಲ್ಲೇ ಕರಗಿದವು.

ಸ್ಪರ್ಧೆಯ ಹಿಂದಿನ ದಿನ ಅಭ್ಯಾಸ ಮುಗಿಸಿ ಅವಳು ಅಂಗಳದ ಸುತ್ತಲಿನ ತಡೆಗೋಡೆಗೆ ಒರಗಿ ನಿಂತಳು. ಮೂಗು ಕೆಂಪಗಿತ್ತು.

"ದೊಡ್ಡಪ್ಪ, ನೀವು ಒಂದ್ ಕೆಲ್ಸ ಮಾಡ್ಬೇಕು."

"ಹೇಳಮ್ಮ."

"ನಂದು ನಡುವೆ ಒಂದು ಸ್ಪಿನ್ ಐತೆ. ಒಂದೇ ಕಾಲ್ ಮೇಲೆ ತಿರುಗಿ ತಿರುಗಿ ಎದ್ದಾಗ ತಲೆ ಗಿರ್ ಅಂತೈತೆ. ಎಲ್ಲಾ ಕಡೆ ಬೆಳ್ಳಗೆ. ಯಾವ ಕಡೆ ಹೋಗ್ಬೇಕು ಅಂತ ಗೊತ್ತಾಗಲ್ಲ. ಹೋದ್ ವರ್ಷ ಬೆಂಗಳೂರಲ್ಲಿ ಹಂಗೇ ಆಯ್ತಲ್ಲ."

ಹೋದ ವರ್ಷದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಮಾತಾಡುತ್ತಿರಲಿಲ್ಲ. ಅಲ್ಲಿನ ಒಂದು ಸಣ್ಣ ಸ್ಪರ್ಧೆಯಲ್ಲಿ ಸ್ಪಿನ್‌ನಿಂದ ಎದ್ದವಳು ಉಲ್ಟಾ ದಿಕ್ಕಿಗೆ ಹೋಗಿ, ಹಾರಬೇಕಾದ ಕಡೆ ಜಾಗವಿಲ್ಲದೆ ಗೋಡೆ ಹಿಡಿದು ನಿಂತುಬಿಟ್ಟಿದ್ದಳು. ಸಂಗೀತ ಮಾತ್ರ ಕೊನೆಯವರೆಗೂ ನಡೆದಿತ್ತು. ವಾಪಸು ಬರುವಾಗ ಕಾರಿನಲ್ಲಿ ಅವಳು ಮಾತಾಡಿರಲಿಲ್ಲವಂತೆ.

ಅವಳು ದೂರದ ಮೂಲೆಯೊಂದನ್ನು ಕೈಯಿಂದ ತೋರಿಸಿದಳು. "ಅಗೋ ಆ ಕಂಬದ ಹತ್ರ, ಕೆಳಗಿಂದ ಎರಡನೇ ಮೆಟ್ಲು. ನೀವು ಈ ಹಸಿರು ಟವೆಲ್ ಹಾಸ್ಕೊಂಡು ಅಲ್ಲಿ ಕೂತ್ಕೊಳ್ಳಿ. ನಾನು ಸ್ಪಿನ್ ಮುಗ್ಸಿ ಹಸಿರು ನೋಡಿದ್ ತಕ್ಷಣ ಆ ಕಡೆ ಹೋಗಿ ಜಂಪ್ ಮಾಡ್ತೀನಿ. ಈ ಸಲಾನೂ ದಾರಿ ತಪ್ಪಿದ್ರೆ ಬೂಟು ಯಾರಿಗಾದ್ರೂ ಕೊಟ್ಬಿಡ್ತೀನಿ ದೊಡ್ಡಪ್ಪ. ಅಪ್ಪಂಗೂ ಹೇಳಿದೀನಿ."

ಹದಿಮೂರು ವರ್ಷದ ಹುಡುಗಿ. ಅಳು ಇರಲಿಲ್ಲ, ಬೆದರಿಕೆಯೂ ಇರಲಿಲ್ಲ. ಮಂಡಿಯಲ್ಲಿ ದರ ಹೇಳುವ ಹಾಗೆ ಹೇಳಿದಳು. ನಾನು ಟವೆಲನ್ನು ಎದೆಗೆ ಒತ್ತಿಕೊಂಡು, ಕಂಬ ಕದಲಿದರೂ ನಾನು ಕದಲುವುದಿಲ್ಲ ಎಂದೆ. ಗಿರಿಜ ನನ್ನತ್ತ ಒಮ್ಮೆ, ಹುಡುಗಿಯತ್ತ ಒಮ್ಮೆ ನೋಡಿದಳು.

ಟವೆಲ್ ಹಾಸಿ ಜಾಗ ಹಿಡಿಯುವುದು ನಮ್ಮ ಕಡೆಯವರಿಗೆ ಹುಟ್ಟುತ್ತಲೇ ಬರುವ ವಿದ್ಯೆ. ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಇನ್ನೂ ತಿರುಗುತ್ತಿರುವಾಗಲೇ ಕಿಟಕಿಯಿಂದ ಟವೆಲೋ ಕರ್ಚೀಫೋ ಬುತ್ತಿಚೀಲವೋ ಒಳಗೆ ಬಿದ್ದರೆ, ಆ ಸೀಟು ನಮ್ಮದು. ಟವೆಲಿನ ಒಡೆಯ ಆಮೇಲೆ ನಿಧಾನವಾಗಿ ಎಲೆಅಡಿಕೆ ಹಾಕಿಕೊಂಡು ಬರಬಹುದು. ಜಮೀನಿನ ಖಾತೆಯ ಬಗ್ಗೆ ಮೂರು ತಲೆಮಾರು ಕೋರ್ಟಿಗೆ ಅಲೆದ ಮನೆತನದವರೂ ಸೀಟಿನ ಮೇಲಿನ ಟವೆಲ್ ಕಂಡರೆ ಮರುಮಾತಿಲ್ಲದೆ ಮುಂದೆ ಹೋಗುತ್ತಾರೆ.

ಆ ವಿದ್ಯೆಯಲ್ಲಿ ಮೊದಲ ಸಲ ಫೇಲಾದವನು ನಾನೇ. ನಮ್ಮ ಊರು ಚೌಳಹಿರಿಯೂರು. ಅಲ್ಲಿಂದ ಕಡೂರಿಗೆ ಬಂದು, ಬಸ್ಸು ಬದಲಾಯಿಸಿ ತರೀಕೆರೆಯ ಸೋದರಮಾವನ ಮನೆಗೆ ಹೋಗಬೇಕಿತ್ತು. ಅಪ್ಪ, ಅಜ್ಜಿ, ಸರೋಜಕ್ಕ, ನಾನು. ಅಜ್ಜಿಗೆ ಮಂಡಿನೋವು. ಕಡೂರಿನಲ್ಲಿ ಅಪ್ಪ ಕಿಟಕಿಯಿಂದ ಮೊದಲು ಟವೆಲನ್ನೂ ಆಮೇಲೆ ನನ್ನನ್ನೂ ಒಳಗೆ ಎಸೆದರು. "ಅಜ್ಜಿ ಹತ್ತೋವರ್ಗೂ ಕದಲ್ಬೇಡ," ಎಂದರು. ನಾನು ಕೂತೆ. ಆಗ ಆಚೆ ಕಿಟಕಿಯ ಕೆಳಗೆ ಐಸ್‌ಕ್ಯಾಂಡಿಯವನ ಸೈಕಲ್ ಬಂದು ನಿಂತಿತು. ಡಬ್ಬದ ಮುಚ್ಚಳ ತೆಗೆದಾಗ ಹೊಗೆ ಏಳುವುದನ್ನು ಅದೇ ಮೊದಲು ನೋಡಿದ್ದು. ತಣ್ಣಗಿರುವ ವಸ್ತುವಿನಿಂದ ಹೊಗೆ ಹೇಗೆ ಬಂತು ಎಂಬ ಸಂಶಯ ನನ್ನನ್ನು ಟವೆಲಿನ ಸಮೇತ ಕೆಳಗಿಳಿಸಿತು. ನನ್ನ ಬೌದ್ಧಿಕ ಜೀವನ ಅಲ್ಲಿಂದ ಶುರು ಎಂದು ಹೇಳಬಹುದು.

ಮುಂದಿನದು ನನ್ನ ನೆನಪಿನಲ್ಲಿ ಹೀಗಿದೆ. ಹೇಗೋ ಸೀಟು ಸಿಕ್ಕಿತು. ಅಜ್ಜಿ ಕಿಟಕಿಯ ಪಕ್ಕ ಕೂತರು. ನಾನು ಅವರ ತೊಡೆಯ ಮೇಲೆ ಕೂತು ಕೆಂಪು ಕ್ಯಾಂಡಿ ಚೀಪುತ್ತಿದ್ದೆ. ಬಣ್ಣ ಅವರ ಬಿಳೀ ಸೀರೆಯ ಮೇಲೆ ತೊಟ್ಟಿಕ್ಕಿತು. ಆ ಕಲೆಯ ಆಕಾರವನ್ನೂ ಬರೆದು ತೋರಿಸಬಲ್ಲೆ.

ಸರೋಜಕ್ಕನ ಪ್ರಕಾರ ಇದರಲ್ಲಿ ಒಂದಕ್ಷರವೂ ನಿಜವಲ್ಲ. "ಅಜ್ಜಿ ತರೀಕೆರೆವರ್ಗೂ ಕಂಬಿ ಹಿಡ್ಕೊಂಡು ನಿಂತೇ ಬಂದ್ರು ಕಣೋ. ನೀನು ಡ್ರೈವರ್ ಪಕ್ಕ ಇಂಜಿನ್ ಮೇಲೆ ಕೂತು ಚೀಪ್ತಿದ್ದೆ. ಕ್ಯಾಂಡಿ ಹಳದೀದು. ಅಜ್ಜಿ ಏನಂದ್ರು ಗೊತ್ತಾ? ಇವ್ನ ಕಾಲಲ್ಲಿ ಚಕ್ರ ಐತೆ, ಇವ್ನೇನ್ ಮಾಡ್ತಾನೆ, ಬಿಡ್ರಪ್ಪ ಅಂದ್ರು."

ಸಾಕ್ಷಿ ಕೇಳಿದರೆ ಅಕ್ಕ ನಗುತ್ತಾಳೆ. ಅಪ್ಪ ಇಲ್ಲ, ಅಜ್ಜಿ ಇಲ್ಲ, ಸೀರೆ ಇಲ್ಲ. ಒಬ್ಬರ ಮಾತಿಗೆ ಇನ್ನೊಬ್ಬರ ಮಾತು. ಆದರೆ ನನ್ನ ನೆನಪು ನನಗೆ ಅನುಕೂಲವಾಗಿಯೇ ಇದೆ ಎಂಬುದು ಅನುಮಾನಕ್ಕೆ ಸಾಕಷ್ಟು ಕಾರಣ. ತರ್ಕ ಗೊತ್ತಿರುವವನಿಗೆ ಇದು ತಪ್ಪಿಸಿಕೊಳ್ಳಲಾಗದ ಸಂಕಟ.

ಇನ್ನು ಸ್ಪರ್ಧೆಯ ದಿನ. ಅಕ್ಕ, ಬೇಗ ಹೋಗು. ಯಾರು ಯಾವಾಗ ಇಳಿಯುತ್ತಾರೆಂಬ ಪಟ್ಟಿ ಬಾಗಿಲಲ್ಲಿ ಅಂಟಿಸಿರುತ್ತಾರೆ, ಆದರೆ ಹೊತ್ತು ಹಿಂದೆಮುಂದೆ ಆಗುತ್ತದೆ. ನಾನು ಆ ಬೆಳಿಗ್ಗೆಯೇ ಅಂಗಡಿಯಲ್ಲಿ ಕೊಂಡ ಸ್ವೆಟರ್ ತೊಟ್ಟು, ಹೆಗಲ ಮೇಲೆ ಹಸಿರು ಟವೆಲ್ ಹಾಕಿಕೊಂಡು ಹೋದೆ. ಬಾಗಿಲಲ್ಲಿದ್ದ ಕಾವಲುಗಾರ ನನ್ನನ್ನೂ ಟವೆಲನ್ನೂ ನೋಡಿ, ಎದ್ದು ನಿಂತು, ರೈತರ ಧರಣಿ ಇಲ್ಲಿಯೂ ಇದೆಯೇ ಎಂದು ಹಿಂದಿಯಲ್ಲಿ ವಿನಯದಿಂದ ಕೇಳಿದ. ಇಲ್ಲ, ನಮ್ಮ ಹುಡುಗಿಯ ಸ್ಕೇಟಿಂಗ್ ಇದೆ ಎಂದೆ. ಅವನಿಗೆ ಸಮಾಧಾನವಾದಂತೆ ಕಾಣಲಿಲ್ಲ. ನಾವು ಹಿಂದಿನ ದಿನ ಬಂದ ಬಾಗಿಲು ಮುಚ್ಚಿತ್ತು. ಇನ್ನೊಂದು ಕಡೆಯ ಬಾಗಿಲಿಂದ ಒಳಗೆ ಬಿಟ್ಟ.

ಗಿರಿಜ ನೇರವಾಗಿ ನಡೆದು ಒಂದು ಕಂಬದ ಹತ್ತಿರ, ಎರಡನೇ ಮೆಟ್ಟಿಲ ಮೇಲೆ ಕೂತಳು. ಪಕ್ಕದಲ್ಲಿ ನಾನು ಟವೆಲ್ ಹಾಸಿದೆ. ಹಾಸಿದ ಮೇಲೆ ಕೂರುವ ಅಗತ್ಯವೇನಿದೆ? ಟೀ ಕುಡಿಯಲು ಹೋದೆ. ಗಿರಿಜ ಕೈತೊಳೆಯಲು ಎದ್ದಿದ್ದಳಂತೆ. ನಾನು ಬರುವಾಗ ಟವೆಲಿನ ಮೇಲೆ ದಪ್ಪ ಮೀಸೆಯ ಸ್ಥಳೀಯರೊಬ್ಬರು ನೆಮ್ಮದಿಯಾಗಿ ಕೂತಿದ್ದರು. ಟವೆಲ್ ನಮ್ಮದು ಎಂದು ಸನ್ನೆ ಮಾಡಿದೆ. ಅವರು ಎದೆಯ ಮೇಲೆ ಕೈಯಿಟ್ಟು ಧನ್ಯವಾದ ಹೇಳಿದರು. ಸಿಮೆಂಟು ತಣ್ಣಗಿರುತ್ತದೆಂದು ವ್ಯವಸ್ಥಾಪಕರು ಬಟ್ಟೆ ಹಾಸಿಸಿದ್ದಾರೆಂದೂ ಅದರ ಉಸ್ತುವಾರಿ ನನ್ನದೆಂದೂ ತಿಳಿದಿದ್ದರು. ತಮ್ಮ ಹೆಂಡತಿಗೂ ಒಂದು ಸಿಗುತ್ತದೆಯೇ ಎಂದು ಕೇಳಿದರು. ನಮ್ಮ ಟವೆಲ್ ಕಾನೂನು ತುಂಗಭದ್ರೆ ದಾಟುವುದಿಲ್ಲ, ಇದನ್ನು ಬರೆದುಕೋ ಅಕ್ಕ. ಅವರನ್ನು ಎಬ್ಬಿಸಲು ನನಗೆ ಹಿಂದಿ ಸಾಲಲಿಲ್ಲ. ಗಿರಿಜ ಬಂದು ಒಂದು ನಿಪ್ಪಟ್ಟು ಕೊಟ್ಟು ಎಬ್ಬಿಸಿದಳು.

ಈ ಗಲಾಟೆಯಲ್ಲಿ ನನ್ನೊಳಗಿನ ಅನುಮಾನದ ಹುಳ ಎದ್ದಿತು. ನಿನ್ನೆ ಬಂದ ಬಾಗಿಲು ಬೇರೆ, ಇವತ್ತಿನದು ಬೇರೆ. ಹಾಗಾದರೆ ಎಡಬಲ ತಿರುಗಿರಬೇಕಲ್ಲ?

"ಗಿರಿಜಾ, ಇದೇ ಮೂಲೆ ಅಂತ ಹೆಂಗ್ ಹೇಳ್ತೀಯ?"

"ಇದೇ ಕಣ್ರೀ. ಕಂಬದ ಮೇಲೆ ಕೆಂಪು ಸಿಲಿಂಡರ್ ಐತಲ್ಲ, ಬೆಂಕಿ ಆರ್ಸೋದು."

ನಾನು ಎದ್ದು ನಿಂತು ಸುತ್ತ ನೋಡಿದೆ. "ನಾಲ್ಕು ಕಂಬಕ್ಕೂ ಐತೆ."

"ಇದರ ಕೆಳಗೆ ಬಣ್ಣ ಕಿತ್ತಿತ್ತು. ನೋಡಿ, ಕಿತ್ತೈತೆ."

"ಉಳಿದ ಮೂರರ ಕೆಳಗೂ ಕಿತ್ತಿದ್ರೆ?"

"ಕಿತ್ತಿದ್ರೆ ಕಿತ್ಕೊಳ್ಳಿ. ನಂಗೂ ಕಣ್ಣಿದ್ದಾವೆ, ನೋಡಿದೀನಿ. ಕೂತ್ಕೊಳ್ಳಿ ಸುಮ್ನೆ."

ಕಣ್ಣಿನ ಸಾಕ್ಷಿ ಎಷ್ಟು ಮೋಸದ್ದು ಎಂಬುದರ ಮೇಲೆ ನಾನು ಒಂದು ಕಾಲದಲ್ಲಿ ಮೂರು ತರಗತಿ ತೆಗೆದುಕೊಳ್ಳುತ್ತಿದ್ದೆ. ಚಂದನಾಳನ್ನೇ ಕೇಳೋಣವೆಂದು ಹೋದರೆ, ಸ್ಪರ್ಧಿಗಳ ಕಡೆ ಯಾರನ್ನೂ ಬಿಡುತ್ತಿರಲಿಲ್ಲ. ವಾಪಸು ಬರುತ್ತ ಮನಸ್ಸಿನಲ್ಲೇ ನಕಾಶೆ ಬರೆದೆ. ನಿನ್ನೆ ಬಾಗಿಲು ಪೂರ್ವಕ್ಕೆ, ಇವತ್ತು ಪಶ್ಚಿಮಕ್ಕೆ. ನಿನ್ನೆ ಬಲಗಡೆ ದೂರದ ಮೂಲೆ. ಪೂರ್ವ ಎಂದು ನಾನು ಕರೆದದ್ದು ಪೂರ್ವವೇ ಎಂಬುದಕ್ಕೆ ಆಧಾರವಿರಲಿಲ್ಲ, ಆದರೆ ಆ ಹೊತ್ತಿಗೆ ಅಂಥ ಸಣ್ಣ ಸಂಗತಿಗಳು ನನ್ನನ್ನು ತಡೆಯುವ ಸ್ಥಿತಿಯಲ್ಲಿರಲಿಲ್ಲ. ಲೆಕ್ಕ ಸ್ಪಷ್ಟವಾಗಿತ್ತು. ಮೂಲೆ ಇದಲ್ಲ; ಎದುರಿನದು.

ಅಂಗಳವನ್ನು ನುಣುಪು ಮಾಡುವ ಗಾಡಿ ಐಸ್ ಮೇಲೆ ಸುತ್ತುತ್ತಿತ್ತು. ಅದು ಹೋದ ಮೇಲೆ ಚಂದನಾಳ ಗುಂಪು. ನಾನು ಟವೆಲ್ ಎತ್ತಿಕೊಂಡೆ.

"ಬಾ, ಆ ಕಡೆ ಹೋಗೋಣ. ಇದು ತಪ್ಪು ಮೂಲೆ."

"ನಾನು ಬರಲ್ಲ."

"ಹುಡುಗಿ ಬೂಟು ಬಿಡ್ತೀನಿ ಅಂದವ್ಳೆ ಗಿರಿಜಾ, ತಮಾಷೆ ಅಲ್ಲ ಇದು."

"ಅದಕ್ಕೇ ಬರಲ್ಲ," ಎಂದಳು ಗಿರಿಜ. "ಹೋಗೋರು ಹೋಗಿ. ಕಾಲಲ್ಲಿ ಚಕ್ರ ಇರೋರ್ನ ಹಿಡ್ಕೊಳಕ್ಕಾಗುತ್ತಾ."

ನಾನು ಅರ್ಧ ಅಂಗಳ ಸುತ್ತಿ ಎದುರಿನ ಮೂಲೆಗೆ ಹೋಗಿ, ಕಂಬದ ಹತ್ತಿರ, ಎರಡನೇ ಮೆಟ್ಟಿಲ ಮೇಲೆ ಟವೆಲನ್ನು ಅಗಲವಾಗಿ ಹರಡಿದೆ. ಮುಂದಿನ ಮೆಟ್ಟಿಲಿಗೆ ಅದರ ತುದಿ ಕಾಣುವಂತೆ ಇಳಿಬಿಟ್ಟೆ. ನಡುಗುತ್ತ ಕೂತೆ. ಆಮೇಲೆ, ಬೇಡವೆಂದುಕೊಳ್ಳುತ್ತಲೇ, ಆ ಕಂಬದ ಕೆಳಗೆ ನೋಡಿದೆ. ಬಣ್ಣ ಹೊಸದಾಗಿ ಬಳಿದಂತೆ ಇತ್ತು. ಉಳಿದ ಎರಡು ಕಂಬಗಳತ್ತ ಕಣ್ಣು ಹಾಯಿಸಿದೆ. ಅವುಗಳದ್ದೂ ಸರಿಯಾಗಿಯೇ ಇತ್ತು.

ಅಷ್ಟರಲ್ಲಿ ಮೈಕಿನಲ್ಲಿ ಚಂದನಾಳ ಹೆಸರು ಬಂತು.

ಇಲ್ಲಿ ಇನ್ನೊಂದು ಸೂಚನೆ ಬರೆಯಲೇಬೇಕು. ಸ್ಪರ್ಧಿ ಐಸಿಗಿಳಿದ ಮೇಲೆ ಪ್ರೇಕ್ಷಕರು ಎದ್ದು ಓಡಾಡಬಾರದು. ಹೆಸರು ಹಿಡಿದು ಕೂಗಬಾರದು. ಫೋಟೋದ ಬೆಳಕು ಹೊಡೆಯಬಾರದು. ಬಿಡಿಹೂವು ಎಸೆಯಬಾರದು, ಒಂದು ಎಸಳು ಅಲಗಿಗೆ ಸಿಕ್ಕರೂ ಮುಂದಿನ ಮಗು ಮುಗ್ಗರಿಸುತ್ತದೆ. ಗೊಂಬೆಯನ್ನೋ, ಕಾಗದದಲ್ಲಿ ಬಿಗಿಯಾಗಿ ಸುತ್ತಿದ ಹೂವನ್ನೋ ಆಟ ಮುಗಿದ ಮೇಲೆ ಕೊಡಬಹುದು. ಈ ನಿಯಮಗಳೆಲ್ಲ ಒಳ್ಳೆಯವೇ. ಅಂದರೆ, ತಪ್ಪು ಮೂಲೆಯಲ್ಲಿ ಟವೆಲ್ ಹಾಸಿದವನು ಅದನ್ನು ಎತ್ತಿಕೊಂಡು ಓಡುವಂತಿಲ್ಲ.

ನೀಲಿ ಉಡುಪಿನಲ್ಲಿ ಅವಳು ನಡುವೆ ಬಂದು ನಿಂತಳು. ಕತ್ತೆತ್ತಿ ಒಮ್ಮೆ ಸುತ್ತ ನೋಡಿದಳು. ನೋಟ ನನ್ನ ಟವೆಲಿನ ಮೇಲೆ ಬಂದು ನಿಂತಿತು. ನಾನು ಬೇಗ ಟವೆಲನ್ನು ಎಳೆದು ಸ್ವೆಟರಿನೊಳಗೆ ತುರುಕತೊಡಗಿದೆ. ಅರ್ಧ ಒಳಗೆ ಹೋಯಿತು, ಅರ್ಧ ಹೊರಗುಳಿಯಿತು. ಸಂಗೀತ ಶುರುವಾಯಿತು.

ಮೊದಲ ಭಾಗ ನನಗೆ ನೆನಪಿಲ್ಲ. ಇದು ವಯಸ್ಸಿನ ಮರೆವಲ್ಲ, ನಾನು ನೋಡಲೇ ಇಲ್ಲ. ಸ್ಪಿನ್ ಬಂದಾಗ ನೋಡಿದೆ. ಒಂದು ಕಾಲಿನ ಮೇಲೆ ಕುಕ್ಕರಿಸಿ, ಇನ್ನೊಂದನ್ನು ಮುಂದೆ ಚಾಚಿ, ಬುಗುರಿಯ ಹಾಗೆ ತಿರುಗಿದಳು. ನಿಧಾನವಾಗಿ ಎದ್ದಳು. ಎದ್ದವಳ ಕಣ್ಣು ಏನನ್ನೋ ಹುಡುಕುತ್ತಿತ್ತು. ಆ ಅರೆಗಳಿಗೆಯಲ್ಲಿ ಅವಳ ಮುಖ ನೇರವಾಗಿ ನನ್ನ ಕಡೆ ತಿರುಗಿತ್ತು. ನನ್ನ ಎದೆಯಲ್ಲಿ ಹಸಿರು ಗಂಟು. ಅದನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು, ದೇವರನ್ನು ನಂಬದ ನಾನು ಯಾರನ್ನು ನೆನೆಯಬೇಕೆಂದು ತಿಳಿಯದೆ, ಕಡೂರಿನ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತ ಅಜ್ಜಿಯನ್ನು ನೆನೆದೆ.

ಚಂದನಾ ಭುಜ ತಿರುಗಿಸಿ ನನಗೆ ಬೆನ್ನು ಮಾಡಿದಳು. ದೊಡ್ಡ ಕಮಾನಿನ ಹಾಗೆ ಬಾಗುತ್ತ ಎದುರಿನ ಮೂಲೆಗೆ ಜಾರಿದಳು. ಅಲ್ಲಿ ಬಿಳಿಯ ಗೋಡೆಯ ಮುಂದೆ, ದೊಡ್ಡದೊಂದು ಕಲ್ಲುಗುಂಡಿನಂತೆ, ಕರೀ ಕಂಬಳಿಯಲ್ಲಿ ಗಿರಿಜ ಕೂತಿದ್ದಳು. ಅವಳ ಮುಂದೆಯೇ ಹುಡುಗಿ ಹಾರಿದಳು. ಇಳಿದಾಗ ಕೈ ಸ್ವಲ್ಪ ಐಸಿಗೆ ತಾಗಿತು. ಎದ್ದು ಮುಂದೆ ಹೋದಳು. ಕೊನೆಯವರೆಗೂ ಹೋದಳು.

ಜನ ಚಪ್ಪಾಳೆ ತಟ್ಟಿದರು. ನಾನೂ ಜೋರಾಗಿ ತಟ್ಟಿದೆ, ಸದ್ದೇ ಬರಲಿಲ್ಲ. ಕೈಯಲ್ಲಿ ಉಣ್ಣೆಯ ಗ್ಲೌಸ್ ಇತ್ತು, ಸ್ವೆಟರಿನ ಜೊತೆಗೇ ಕೊಂಡದ್ದು. ಅಕ್ಕ, ಚಪ್ಪಾಳೆಗೆ ಮುಂಚೆ ಗ್ಲೌಸ್ ತೆಗಿ.

ಏಳು ಜನರಲ್ಲಿ ಅವಳಿಗೆ ಐದನೇ ಸ್ಥಾನ. ಹೊರಗೆ ಬಿಸಿಲಿನಲ್ಲಿ, ಬೂಟನ್ನು ಕೊರಳಿಗೆ ನೇತುಹಾಕಿಕೊಂಡು, ಗಿರಿಜಳ ನಿಪ್ಪಟ್ಟಿನ ಡಬ್ಬ ಬಗೆಯುತ್ತ ನಿಂತಿದ್ದಳು. ನಾನು ತಪ್ಪೊಪ್ಪಿಗೆಗೆ ಸಿದ್ಧನಾಗಿ ಹೋದೆ. ಬಾಗಿಲು, ಪೂರ್ವ, ಪಶ್ಚಿಮ, ನಕಾಶೆ ಎಲ್ಲವನ್ನೂ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಶುರು ಮಾಡೋಕ್ ಮುಂಚೇನೇ ನೋಡಿದ್ದೆ ದೊಡ್ಡಪ್ಪ. ಟವೆಲ್ ಆ ಕಡೆ ಹೋಗ್ಬಿಟ್ಟಿತ್ತು. ನಗು ಬಂತು."

"ಮತ್ತೆ ದಾರಿ ಹೆಂಗ್ ಗೊತ್ತಾಯ್ತು?"

"ದೊಡ್ಡಮ್ಮ ಇದ್ರಲ್ಲ ಕಪ್ಪಗೆ. ನಿನ್ನೆ ರೂಮಲ್ಲೇ ಹೇಳಿದ್ದೆ, ಏನಾದ್ರೂ ಆಗ್ಲಿ ನೀವು ಮಾತ್ರ ಕದಲ್ಬೇಡಿ ಅಂತ."

ನಾನು ಗಿರಿಜಳನ್ನು ನೋಡಿದೆ. ಅವಳು ಕಂಬಳಿ ಮಡಿಸುತ್ತಿದ್ದಳು.

"ಹಂಗಾದ್ರೆ ನನಗ್ಯಾಕಮ್ಮ ಟವೆಲ್ ಕೊಟ್ಟೆ?"

ಹುಡುಗಿ ಡಬ್ಬದಿಂದ ಇನ್ನೊಂದು ನಿಪ್ಪಟ್ಟು ತೆಗೆದು ಕಡಿದಳು. ಸುಳ್ಳು ಹೇಳುವ ಮಗುವಲ್ಲ. "ಕೆಲ್ಸ ಕೊಡ್ದಿದ್ರೆ ನೀವು ಬೂಟ್ ಕಟ್ಟೋ ಹತ್ರ ಬಂದು, ತಿರುಗಿದ್ರೆ ತಲೆ ಯಾಕ್ ಸುತ್ತುತ್ತೆ ಅಂತ ಪಾಠ ಹೇಳ್ತಿದ್ರಿ. ಬೆಂಗಳೂರಲ್ಲಿ ಹೇಳಿದ್ರಲ್ಲ."

ಬೆಂಗಳೂರಿನಲ್ಲಿ ಹೇಳಿದ್ದೆನೇ? ಆ ಸ್ಪರ್ಧೆಗೆ ನಾನು ಹೋಗಿಯೇ ಇರಲಿಲ್ಲ ಎಂದುಕೊಂಡಿದ್ದೆ. ಕಾರಿನಲ್ಲಿ ಅವಳು ಮಾತಾಡಲಿಲ್ಲವಂತೆ ಎಂದು ಮೇಲೆ ಬರೆದಿದ್ದೇನೆ, ಯಾರೋ ಹೇಳಿದರೆಂಬಂತೆ. ಗಿರಿಜ ತಲೆಯೆತ್ತದೆ ಹೇಳಿದಳು, "ಹೇಳಿದ್ರಿ. ಅವ್ಳು ಐಸಿಗಿಳಿಯೋ ಮುಂಚೆ, ಹತ್ತು ನಿಮಿಷ. ಕಾರಲ್ಲೂ ನೀವೇ ಮುಂದಿನ ಸೀಟಲ್ಲಿದ್ರಿ."

ಅದು ನನಗೆ ಈಗಲೂ ನೆನಪಿಲ್ಲ. ಆದರೆ ಇಬ್ಬರು ಸಾಕ್ಷಿಗಳಿದ್ದಾರೆ, ಒಬ್ಬಳು ಸುಳ್ಳು ಹೇಳುವುದಿಲ್ಲ, ಇನ್ನೊಬ್ಬಳು ಕದಲುವುದಿಲ್ಲ. ನೆನಪು ನನಗೆ ಅನುಕೂಲವಾದ ಕಡೆಯಲ್ಲಿ ಅಳಿಸಿಕೊಂಡಿದೆ. ಅಂದಮೇಲೆ ಅಜ್ಜಿ ನಿಂತೇ ಬಂದಿರಬೇಕು. ಕ್ಯಾಂಡಿಯೂ ಹಳದಿಯದೇ ಇರಬೇಕು.

ಚೀಟಿಯನ್ನು ಫೋನಿನಲ್ಲೇ ಅಕ್ಕನಿಗೆ ಓದಿ ಹೇಳಿದೆ. ಸ್ವೆಟರ್, ಎರಡು ಜೊತೆ ಕಾಲುಚೀಲ, ಅಡಿಗೆ ದುಪ್ಪಟಿ, ಗ್ಲೌಸ್ ತೆಗೆದು ಚಪ್ಪಾಳೆ. ಅವಳು ಹೂಂಗುಟ್ಟುತ್ತ ಬರೆದುಕೊಂಡಳು. ಆಮೇಲೆ ನಾನೇ ಕೇಳಿದೆ, "ಅಕ್ಕ, ಅಜ್ಜಿ ಬೈಲಿಲ್ವಾ ಅವತ್ತು?"

"ಇಲ್ಲ ಕಣೋ. ಇಳ್ದ ಮೇಲೆ ನಿನ್ ಬಾಯಿ ಒರ್ಸಿದ್ರು ಅಷ್ಟೆ."

ಮರುದಿನ ಚಂದನಾ ಕಡೂರಿಂದ ಫೋನ್ ಮಾಡಿದಳು. ಈ ಸಲ ಅವಳ ಆಟದಲ್ಲಿ ಎರಡು ಸ್ಪಿನ್ ಇವೆಯಂತೆ. "ದೊಡ್ಡಮ್ಮ ಇರೋ ಕಡೆ ಹೋಗ್ಬೇಕು, ಹಸಿರು ಟವೆಲ್ ಇರೋ ಕಡೆ ಹೋಗ್ಬಾರ್ದು. ಎರಡೂ ಗುರ್ತು ಇದ್ರೆ ಬೇಗ ಗೊತ್ತಾಗ್ತೈತೆ. ಅದಕ್ಕೆ ನೀವು ಹೋದ್ ಸಲದ ಜಾಗದಲ್ಲೇ ಕೂತ್ಕೊಳ್ಳಿ ದೊಡ್ಡಪ್ಪ. ಆ ತಪ್ ಜಾಗ. ಆದ್ರೆ ಈ ಸಲ ಎದ್ದೋಗ್ಬೇಡಿ, ಟವೆಲ್ ಸ್ವೆಟರ್ ಒಳಗೆ ಇಟ್ಕೋಬೇಡಿ."

ತಪ್ಪು ಜಾಗದಲ್ಲಿ ಕದಲದೆ ಕೂರುವುದು. ಜೀವಮಾನದಲ್ಲಿ ಮೊದಲ ಸಲ ನನ್ನ ಯೋಗ್ಯತೆ ನೋಡಿ ಯಾರೋ ಕೊಟ್ಟ ಕೆಲಸ. ಕೊನೆಗೂ ಸಿಕ್ಕಿದ ಕಾಲುಚೀಲದ ಜೊತೆ (ಗಿರಿಜ ಹುಡುಕಿದಳು) ಟವೆಲನ್ನೂ ಚೀಲಕ್ಕೆ ಹಾಕಿದೆ. ಹಾಕಿದ ಮೇಲೆ ಒಂದು ಅನುಮಾನ ಬಂತು. ಬಾಗಿಲು ಮತ್ತೆ ಬೇರೆಯಾಗಿದ್ದರೆ, ನಾಲ್ಕು ಮೂಲೆಗಳಲ್ಲಿ ನನ್ನ ತಪ್ಪು ಮೂಲೆ ಯಾವುದು?

ಅಡುಗೆಮನೆಗೆ ಹೋಗಿ ಗಿರಿಜಳನ್ನು ಕೇಳಿದೆ. ಅವಳು ನಿಪ್ಪಟ್ಟು ತಟ್ಟುತ್ತಿದ್ದಳು. ಹಿಟ್ಟಿನ ಕೈಯಿಂದಲೇ ಒಲೆಯ ಕಟ್ಟೆಯ ಮೇಲೆ ಚೌಕ ಬರೆದು, ಒಂದು ಮೂಲೆಯಲ್ಲಿ ತನಗೊಂದು ಚುಕ್ಕೆ ಇಟ್ಟು, ಎದುರಿನ ಮೂಲೆಯಲ್ಲಿ ನನಗೊಂದು ಚುಕ್ಕೆ ಇಟ್ಟಳು.

ನಾನು ಸಾಕ್ಷಿ ಕೇಳಲಿಲ್ಲ.